ಘಟ್ಟ ಹತ್ತುವಾಗ ಎಂಜಿನ್ ಬಡಿಯುತ್ತಿದೆಯಾ? ಖರ್ಚು ಮಾಡುವ ಮೊದಲು ಸದ್ದು ಹುಡುಕಿ

ಕುಮಟಾದಿಂದ ಶಿರಸಿಗೆ ಹೊರಟರೆ ದೇವಿಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಹೊರಟರೆ ಅರಬೈಲ್ ಘಟ್ಟ. ಹೆದ್ದಾರಿಯಲ್ಲಿ ಸುಮ್ಮನೆ ಓಡುತ್ತಿದ್ದ ಕಾರು ಸದ್ದು ಮಾಡಲು ಶುರುಮಾಡುವುದು ಹೆಚ್ಚಾಗಿ ಇಲ್ಲೇ. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಏಸಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಬಾನೆಟ್ ಕೆಳಗಿಂದ ಟಕಟಕ ಅನ್ನುತ್ತದೆ.

ಕೆಲವರು ಆಗಲೇ ಎಂಜಿನ್ ಹೋಯಿತು ಅಂತ ಹೆದರುತ್ತಾರೆ. ಇನ್ನು ಕೆಲವರು ಸ್ಟೀರಿಯೋ ಜೋರು ಮಾಡಿ ಮುಂದೆ ಹೋಗುತ್ತಾರೆ. ಎರಡೂ ಬೇಡ. ಸದ್ದು ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಆಯಿಲ್

ಸದ್ದು ಭಾರವಾಗಿ, ಎಂಜಿನ್‌ನ ಬುಡದಿಂದ ಧಡ್ ಧಡ್ ಎಂದು ಬರುತ್ತಿದ್ದರೆ, ಅಥವಾ ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿದ್ದರೆ, ಜಾಗ ನೋಡಿ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. 'ಮನೆ ತನಕ ಹೋಗೋಣ' ಅನ್ನುವುದು ಬೇಡವೇ ಬೇಡ. ಆಯಿಲ್ ಇಲ್ಲದೆ ಓಡಿದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಾಳಾಗಬಹುದು.

ಸಮತಟ್ಟಾದ ಜಾಗದಲ್ಲಿ ಐದು–ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಿ. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಕಂಪನಿಯ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಆಮೇಲೂ ಧಡಧಡ ನಿಲ್ಲದಿದ್ದರೆ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಸದ್ದಿನ ಗುರುತು ಹಿಡಿಯುವುದು

ಅಷ್ಟು ಭಾರದ ಸದ್ದಲ್ಲ ಅಂತಾದರೆ ನಿಧಾನವಾಗಿ ಹುಡುಕಬಹುದು. ಕಾರು ನಿಂತಿರುವಾಗ, ಎಂಜಿನ್ ಓಡುತ್ತಿರುವಾಗ ಕ್ಲಚ್ ಒತ್ತಿ. ಸದ್ದು ನಿಂತರೆ ತೊಂದರೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕಡೆಯದು. ಎಂಜಿನ್‌ನ ಮೇಲ್ಭಾಗದಿಂದ ಸಣ್ಣಗೆ ಟಿಕ್ ಟಿಕ್ ಬಂದರೆ ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಬಂದು ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಬಿಸಿಯಾದ ಮೇಲೂ ಇದ್ದರೆ ಟ್ಯಾಪೆಟ್ ಸೆಟ್ಟಿಂಗ್ ನೋಡಿಸಿ.

ಕಾರವಾರ, ಭಟ್ಕಳದ ಕಡೆಯವರು ಇನ್ನೊಂದನ್ನು ನೋಡಲೇಬೇಕು. ಸಮುದ್ರದ ಉಪ್ಪುಗಾಳಿಗೆ ಸೈಲೆನ್ಸರ್ ಪೈಪಿನ ಮೇಲಿರುವ ತೆಳು ತಗಡು, ಅಂದರೆ ಹೀಟ್ ಶೀಲ್ಡ್, ಬೋಲ್ಟಿನ ಸುತ್ತ ತುಕ್ಕು ಹಿಡಿದು ಸಡಿಲವಾಗುತ್ತದೆ. ಒಂದು ವೇಗದಲ್ಲಿ ಮಾತ್ರ ಝರ್ರೆಂದು ನಡುಗಿ, ಥೇಟ್ ಎಂಜಿನ್ ಬಡಿದ ಹಾಗೇ ಕೇಳಿಸುತ್ತದೆ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಮರದ ತುಂಡಿನಿಂದ ತಟ್ಟಿ ನೋಡಿ. ಅದೇ ಸದ್ದು ಬಂದರೆ ಒಂದು ಸ್ಟೀಲ್ ಕ್ಲ್ಯಾಂಪ್ ಬಿಗಿದರೆ ಸಾಕು. ಇಷ್ಟಕ್ಕೇ ಎಂಜಿನ್ ಬಿಚ್ಚಿಸಿಕೊಳ್ಳುವುದು ಬೇಡ ಅಲ್ವಾ?

ಏರಿನಲ್ಲಿ ಮಾತ್ರ ಬಂದರೆ

ಡಬ್ಬಿಯಲ್ಲಿ ಒಣ ಅಡಿಕೆ ಹಾಕಿ ಅಲ್ಲಾಡಿಸಿದಂಥ ಸದ್ದು, ಅದೂ ಎಂಜಿನ್ ಮೇಲೆ ಭಾರ ಬಿದ್ದಾಗ ಮಾತ್ರ ಬಂದರೆ ಅದೇ ನಿಜವಾದ ನಾಕಿಂಗ್. ಪ್ಲಗ್ ಕಿಡಿ ಕೊಟ್ಟಾಗ ಪೆಟ್ರೋಲ್–ಗಾಳಿಯ ಮಿಶ್ರಣ ಕ್ರಮವಾಗಿ ಉರಿಯುತ್ತಾ ಹೋಗಬೇಕು. ಒಳಗೆ ಬಿಸಿ ಮತ್ತು ಒತ್ತಡ ಜಾಸ್ತಿಯಾದರೆ, ಇನ್ನೂ ಉರಿಯದೆ ಉಳಿದ ಮಿಶ್ರಣ ಬೆಂಕಿ ತಲುಪುವ ಮೊದಲೇ ತಾನಾಗಿ ಹತ್ತಿಕೊಳ್ಳುತ್ತದೆ. ಆ ಹೊಡೆತವೇ ನಮಗೆ ಕೇಳಿಸುವುದು.

ಖರ್ಚಿಲ್ಲದ ಮದ್ದು ಗೇರ್ ಇಳಿಸುವುದು. ಘಟ್ಟದ ತಿರುವಿನಲ್ಲಿ ನಾಲ್ಕನೇ ಗೇರಿನಲ್ಲೇ ಎಳೆಸುವ ಅಭ್ಯಾಸ ತುಂಬ ಜನರಿಗಿದೆ, ಪೆಟ್ರೋಲ್ ಉಳಿಯುತ್ತದೆ ಅಂತ. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಎರಡು ಅಥವಾ ಮೂರಕ್ಕೆ ಇಳಿಸಿ, ಏಸಿ ಆಫ್ ಮಾಡಿ. ಸದ್ದು ಹೋದರೆ ಎಂಜಿನ್ ಸದ್ಯಕ್ಕೆ ಬಚಾವ್.

ಆಮೇಲೆ ಪೆಟ್ರೋಲ್. ನಾಕಿಂಗ್ ತಡೆಯುವ ಶಕ್ತಿಯ ಅಳತೆಗೆ ಆಕ್ಟೇನ್ ಅನ್ನುತ್ತಾರೆ, ಪ್ರೀಮಿಯಂನಲ್ಲಿ ಹೆಚ್ಚು ಆಕ್ಟೇನ್‌ನದ್ದೂ ಸಿಗುತ್ತದೆ. ಟ್ಯಾಂಕ್ ಬಹುತೇಕ ಖಾಲಿಯಾದಾಗ ಬೇರೆ ಬಂಕಿನಲ್ಲಿ ಹೆಚ್ಚು ಆಕ್ಟೇನ್‌ನದ್ದು ಹಾಕಿಸಿ ಅದೇ ಏರು ಹತ್ತಿಸಿ. ಸದ್ದು ನಿಂತರೆ ಅದೊಂದು ಸುಳಿವು, ಆದರೆ ಒಳಗೆ ಇಂಗಾಲ ಕಟ್ಟಿದ್ದರೂ ಹೀಗೇ ಆಗಬಹುದು. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಇಂಗಾಲ ಬೇಗ ಕಟ್ಟುತ್ತದೆ.

ಎಂಜಿನ್ ತಂಪಾಗಿಡುವ ಕೂಲೆಂಟ್‌ನ ಮಟ್ಟ ನೋಡಿ. ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ. ರೇಡಿಯೇಟರ್‌ಗೆ ಕೆಸರು, ಎಲೆ ಮೆತ್ತಿಕೊಂಡಿದ್ದರೆ ತಣ್ಣಗಾದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಫ್ಯಾನ್ ತಿರುಗುತ್ತದಾ ಅಂತಲೂ ಗಮನಿಸಿ.

ಮುಂದಿನದು ಸ್ಪಾರ್ಕ್ ಪ್ಲಗ್. ತಣ್ಣಗಿನ ಎಂಜಿನ್‌ನಿಂದ ಬಿಚ್ಚಿಸಿ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಬಿಳಿ ಪಿಂಗಾಣಿ ಸುಟ್ಟು ಗುಳ್ಳೆ ಎದ್ದಿದ್ದರೆ ಒಳಗೆ ಬಿಸಿ ಮಿತಿ ಮೀರಿದೆ, ಇಲ್ಲವೇ ಯಾರೋ ಬೇರೆ ನಂಬರಿನ ಪ್ಲಗ್ ಹಾಕಿದ್ದಾರೆ. ನಂಬರನ್ನು ಪುಸ್ತಕದಲ್ಲಿರುವುದಕ್ಕೆ ತಾಳೆ ನೋಡಿ.

ಹೊಸ ಗಾಡಿಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಬಡಿತ ಕಂಡ ಕೂಡಲೇ ಕಂಪ್ಯೂಟರ್ ಕಿಡಿಯ ಸಮಯವನ್ನು ತಡ ಮಾಡುತ್ತದೆ. ಹಾಗಾಗಿ ಸದ್ದಿನ ಬದಲು ಪಿಕಪ್ ಕಡಿಮೆಯಾದದ್ದೇ ಗೊತ್ತಾಗಬಹುದು. ಸ್ಕ್ಯಾನರ್‌ನಲ್ಲಿ ಪಿ0325 ಕೋಡ್ ಬಂದರೆ ಸೆನ್ಸರ್ ಬದಲಿಸುವ ಮೊದಲು ವೈರ್ ನೋಡಿಸಿ. ತೋಟದ ಮನೆಯಲ್ಲಿ ನಿಲ್ಲಿಸುವ ಗಾಡಿಯ ವೈರನ್ನು ಇಲಿ ಕಡಿದಿರಬಹುದು.

ಬೇರಿಂಗ್ ಹೋಗಿದೆ ಅಂದರೆ

ಆಯಿಲ್ ಸರಿಯಿದ್ದೂ ಭಾರದ ಬಡಿತ ಇದ್ದರೆ ಗ್ಯಾರೇಜ್‌ನವರು ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್ ದಂಡಕ್ಕೆ ಜೋಡಿಸುವ ಸರಳು) ಬೇರಿಂಗ್ ಹೋಗಿದೆ ಅನ್ನುತ್ತಾರೆ. ಎಂಜಿನ್ ಇಳಿಸಲು ಒಪ್ಪುವ ಮೊದಲು ಗೇಜ್ ಹಾಕಿ ಆಯಿಲ್ ಪ್ರೆಶರ್ ಅಳೆಯಲು ಹೇಳಿ. ಬಿಚ್ಚಿದ ಮೇಲೆ ಹಳೆ ಬೇರಿಂಗ್ ಕೇಳಿ ನೋಡಿ. ಬೂದು ಬಣ್ಣದ ಪದರ ಸವೆದು ತಾಮ್ರದ ಬಣ್ಣ ಕಂಡರೆ ಅವರು ಹೇಳಿದ್ದು ನಿಜ. ಕ್ರ್ಯಾಂಕ್‌ನಲ್ಲಿ ಗೀರು ಬಿದ್ದಿದ್ದರೆ ಬರೀ ಬೇರಿಂಗ್ ಬದಲಿಸಿ ಪ್ರಯೋಜನವಿಲ್ಲ, ಅದನ್ನೂ ಗ್ರೈಂಡಿಂಗ್ ಮಾಡಿಸಬೇಕು. ಸಂಪ್, ಅಂದರೆ ಎಂಜಿನ್ ಬುಡದ ಆಯಿಲ್ ತೊಟ್ಟಿ, ಬಿಚ್ಚಿದಾಗಲೇ ಆಯಿಲ್ ಪಂಪ್ ಪರೀಕ್ಷಿಸಿ, ಆಯಿಲ್ ಸೋಸುವ ಸ್ಟ್ರೇನರ್‌ನಲ್ಲಿ ಸಿಕ್ಕಿದ ಗಸಿ ತೆಗೆಸಿ. ಅದು ಅಲ್ಲೇ ಉಳಿದರೆ ಹೊಸ ಬೇರಿಂಗಿಗೂ ಆಯಿಲ್ ತಲುಪುವುದಿಲ್ಲ.