ತೊಟ್ಟಿ ತೊಳೆಯುವ ದಿನದ ಲೆಕ್ಕ

ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ನನಗೆ ಸೊಳ್ಳೆಯ ನಂಟು ಬೆಳೆದದ್ದು 2024ರಲ್ಲಿ. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡ ಎಂದಿತ್ತು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಟಾರ್ಚು ಹಿಡಿದು ಲಾರ್ವಾ, ಅಂದರೆ ನೀರಿನಲ್ಲಿ ಬೆಳೆಯುವ ಸೊಳ್ಳೆಯ ಮರಿಹುಳ, ಹುಡುಕುತ್ತಿದ್ದರು. "ಸರ್, ಎಷ್ಟು ಮನೆಯವರು ತೊಟ್ಟಿ ತೊಳೆದರೆ ಸಾಕು, ಲೆಕ್ಕ ಹಾಕಿ ಹೇಳಿ" ಎಂದರು. ತಮಾಷೆಗೆ ಕೇಳಿದ್ದಿರಬೇಕು, ನಾನು ನಿಜವಾಗಿಯೇ ಕೂತೆ.

ಸೊಳ್ಳೆಯ ಸಂತತಿಯನ್ನು ಪೂರ್ತಿ ಅಳಿಸಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ಮಲೇರಿಯಾ ತಾನಾಗಿ ಅಡಗುತ್ತದೆ ಎಂದು, ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಕಂಡುಹಿಡಿದ ವೈದ್ಯ ರೊನಾಲ್ಡ್ ರಾಸ್ ನೂರು ವರ್ಷಗಳ ಹಿಂದೆಯೇ ಸಮೀಕರಣ ಬರೆದು ತೋರಿಸಿದ್ದರು. ನನ್ನದು ಅದಕ್ಕಿಂತ ಬಡ ಲೆಕ್ಕ. ಬೆಚ್ಚಗಿನ ದಿನಗಳಲ್ಲಿ ಡೆಂಗಿ ಹರಡುವ ಈಡಿಸ್ ಜಾತಿಯ ಮೊಟ್ಟೆ ಸೊಳ್ಳೆಯಾಗಲು 9 ದಿನ ಎಂದಿಟ್ಟುಕೊಂಡೆ. ಮನೆಯವರು ಸರಾಸರಿ 7 ದಿನಕ್ಕೊಮ್ಮೆ ತೊಟ್ಟಿ ತೊಳೆಯುತ್ತಾರೆ, ಅಂದರೆ ಯಾವ ದಿನವಾದರೂ ತೊಳೆಯುವ ಸಾಧ್ಯತೆ ಏಳರಲ್ಲೊಂದು. ಹೀಗಿದ್ದರೆ ಸೊಳ್ಳೆ ಹುಟ್ಟಲೇಬಾರದು. ಎಕ್ಸೆಲ್ ಹಾಳೆಯಲ್ಲಿ ಹುಟ್ಟುತ್ತಲೇ ಇದ್ದವು. ಅರ್ಧ ದಿನ ಸೂತ್ರದಲ್ಲಿ ತಪ್ಪು ಹುಡುಕಿದೆ. ಸೂತ್ರ ಸರಿಯಾಗಿಯೇ ಇತ್ತು. ಒಂಬತ್ತು ದಿನವೂ ತೊಳೆಯದೆ ಉಳಿಯುವ ಸಾಧ್ಯತೆ 6/7ರ ಒಂಬತ್ತನೇ ಘಾತ, ಸುಮಾರು 0.25. ಬೇರೆ ಸಾವುಗಳನ್ನು ಬಿಟ್ಟರೆ ನೂರು ಮೊಟ್ಟೆಗಳಲ್ಲಿ ಇಪ್ಪತ್ತೈದು ಪಾರು! ಮನಸ್ಸು ಬಂದಾಗ ತೊಳೆಯುವವರೂ ತಪ್ಪದೆ ಪ್ರತಿ ಶುಕ್ರವಾರ ತೊಳೆಯುವವರೂ ಸರಾಸರಿಯಲ್ಲಿ ಒಂದೇ. ಎರಡನೆಯವರ ಮನೆಯಲ್ಲಿ ಮಾತ್ರ ಸೊಳ್ಳೆಗೆ ಜಾಗವಿಲ್ಲ.

ಹಾಗಾದರೆ ಶುಕ್ರವಾರ ಎಂದು ಸಾರಿಬಿಡೋಣವೆಂದು ಹೊರಟೆ. ಮೂರನೇ ಮನೆಯ ಅಜ್ಜಿ ತಡೆದರು. "ಶುಕ್ರವಾರ ನೀರು ಚೆಲ್ಲಿದರೆ ಶನಿವಾರಕ್ಕೆ ನೀನು ಹೊತ್ತು ತರುತ್ತೀಯೇನಪ್ಪಾ?"

ನಮ್ಮಲ್ಲಿ ನಲ್ಲಿ ನೀರು ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಹತ್ತು ದಿನಕ್ಕೂ ಒಮ್ಮೆ. ನೀರುಗಂಟಿ ವಾಲ್ವ್ ತಿರುಗಿಸಿದ ದಿನವೇ ತೊಟ್ಟಿ ತೊಳೆಯುವ ದಿನ. ಜನ ಸೋಮಾರಿಗಳೆಂದು ನಾನು ಲೆಕ್ಕದಲ್ಲಿ ಬರೆದಿದ್ದ ಏಳರಲ್ಲೊಂದು ಎಂಬ ಅಂಕಿಯನ್ನು ಅಳಿಸಿ ನೀರಿನ ಸರದಿಯನ್ನು ಹಾಕಿದೆ. ಹತ್ತು ದಿನದ ಸರದಿಯಲ್ಲಿ, ನೀರು ತುಂಬಿದ ದಿನವೇ ಇಟ್ಟ ಮೊಟ್ಟೆಗಳು ಸೊಳ್ಳೆಯಾಗಿ ಹಾರಿಹೋಗುತ್ತವೆ. ಆಗ ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಬಿಗಿದು ಕಟ್ಟುವುದೊಂದೇ ದಾರಿ.

ಅಜ್ಜಿಯ ಡ್ರಮ್ಮು ಇನ್ನೊಂದು ಪಾಠ ಕಲಿಸಿತು. ಪೂರ್ತಿ ಬಗ್ಗಿಸಿ ಹೊಸ ನೀರು ಹಿಡಿದಿದ್ದರೂ ಮೂರನೇ ದಿನಕ್ಕೆ ಹುಳ. ಮುಂದಿನ ಸರದಿಯಲ್ಲಿ ಡ್ರಮ್ಮು ಖಾಲಿಯಾದಾಗ ಟಾರ್ಚು ಬಿಟ್ಟು ನೋಡಿದೆವು. ನೀರು ನಿಂತಿದ್ದ ಗೆರೆಯ ಮೇಲೆ, ಒಳಮೈಗೆ ಅಂಟಿಕೊಂಡು, ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಚುಕ್ಕೆಗಳು. ಒಣಗಿದರೂ ತಿಂಗಳುಗಟ್ಟಲೆ ಬದುಕುವ ಮೊಟ್ಟೆಗಳು. ನೀರು ಮತ್ತೆ ಮುಟ್ಟಿದರೆ ಒಡೆಯುತ್ತವೆ. ಅಜ್ಜಿ ತೆಂಗಿನ ನಾರು ತಂದು ಉಜ್ಜಿದ ಮೇಲೆಯೇ ಹೋದದ್ದು.

ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ "ತೊಳೆದಿದ್ದಾರೆ" ಎಂಬ ಕಾಲಂ ಈಗ ಎರಡಾಗಿದೆ: ಚೆಲ್ಲಿದರು, ಉಜ್ಜಿದರು. ಎಷ್ಟು ಮನೆ ಸಾಕು ಎಂಬ ಅವರ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ನೀರು ಬಿಡುವ ದಿನ ಬೆಳಿಗ್ಗೆ ಬೀದಿಯವರ ಮೊಬೈಲಿಗೆಲ್ಲ ಸಂದೇಶ ಕಳಿಸುವ ಕೆಲಸ ಮಾತ್ರ ನನಗೆ ಗಂಟುಬಿದ್ದಿದೆ.