ಪರದೆಯಲ್ಲಿ ಎಲ್ಲ ಹಸಿರು, ಗೋಡೌನಿನಲ್ಲಿ ವೈಫೈ ಇಲ್ಲ

ರಾತ್ರಿ ಹನ್ನೊಂದೂವರೆಗೆ ಪಾಳಿ ಸೂಪರ್‌ವೈಸರ್ ಫೋನ್ ಮಾಡಿದರು. "ಸಾರ್, ಗೋಡೌನ್ ಹಿಂದ್ಗಡೆ ಒಂದು ಸ್ಕ್ಯಾನರೂ ಕನೆಕ್ಟ್ ಆಗ್ತಿಲ್ಲ." ಲ್ಯಾಪ್‌ಟಾಪ್ ತೆಗೆದು ನೆಟ್‌ವರ್ಕ್ ಸಾಧನಗಳ ಮೇಲೆ ಕಣ್ಣಿಡುವ ಜ್ಯಾಬಿಕ್ಸ್ ತಂತ್ರಾಂಶ ನೋಡಿದೆ. ಎಲ್ಲ ಹಸಿರು. "ಇಲ್ಲಿ ಸರಿಯಾಗೇ ಇದೆಯಲ್ಲಾ" ಅಂದುಬಿಟ್ಟೆ. ಕ್ಯಾತ್ಸಂದ್ರದಿಂದ ವಸಂತನರಸಾಪುರಕ್ಕೆ ಬೈಕಿನಲ್ಲಿ ಹೋಗಿ ನೋಡಿದರೆ, ಮೂಲೆಯ ಸಣ್ಣ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ) ಆಫ್ ಆಗಿತ್ತು. ಅದರ ಕೇಬಲಿನಿಂದಲೇ ಕರೆಂಟ್ ಪಡೆಯುವ ಒಂಬತ್ತು ಎಪಿಗಳೂ, ಅಂದರೆ ವೈಫೈ ಹರಡುವ ಆಕ್ಸೆಸ್ ಪಾಯಿಂಟ್‌ಗಳೂ, ಆಫ್. ಆ ಸ್ವಿಚ್ಚನ್ನು ನಾನು ಜ್ಯಾಬಿಕ್ಸ್ ಪಟ್ಟಿಗೇ ಸೇರಿಸಿರಲಿಲ್ಲ. ಎಪಿಗಳನ್ನೆಲ್ಲ ನಿಭಾಯಿಸುವ ವೈಫೈ ಕಂಟ್ರೋಲರಿಗೆ ಮಾತ್ರ ಪಿಂಗ್ ಹಾಕಿ, ಅಂದರೆ ಬದುಕಿದೆಯಾ ಅಂತ ಕೇಳಿ, ಸುಮ್ನಿದ್ದೆ. ಕಂಟ್ರೋಲರ್ ಪಾಡಿಗೆ ಅದು ಚೆನ್ನಾಗೇ ಇತ್ತು!

ಮರುದಿನ ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿಯನ್ನು ದೂರದಿಂದಲೇ ಕೇಳಿ ತಿಳಿಯುವ ವಿಧಾನ) ಹಿಡಿದು ಕೂತೆ. ಎಪಿಗಳ ಸುದ್ದಿಯೆಲ್ಲ ಕಂಟ್ರೋಲರ್ ಹತ್ತಿರ ಇರುತ್ತದೆ, ಅದನ್ನೇ ಕೇಳಬೇಕು. 2ಸಿ ಆವೃತ್ತಿಯಲ್ಲಿ ಗುಟ್ಟಿನ ಪದ ತಂತಿಯ ಮೇಲೆ ಬೆತ್ತಲೆಯಾಗಿ ಹೋಗುತ್ತದೆ, ಹಾಗಾಗಿ 3ನೇ ಆವೃತ್ತಿಯನ್ನೇ ಹಾಕಿದೆ. ಉತ್ತರವೇ ಇಲ್ಲ, ಬರೀ ಟೈಮ್‌ಔಟ್. ಪಾಸ್‌ವರ್ಡ್ ಮೂರು ಸಲ ಬದಲಿಸಿದೆ. ಕೊನೆಗೆ ನೋಡಿದರೆ ಫೈರ್‌ವಾಲಿನಲ್ಲಿ 161ನೇ ಪೋರ್ಟನ್ನು ಟಿಸಿಪಿಗೆ ತೆರೆದಿದ್ದೆ. ಬೇಕಿದ್ದದ್ದು ಡೇಟಾ ಕಳಿಸುವ ಇನ್ನೊಂದು ವಿಧಾನವಾದ ಯುಡಿಪಿ. ಅರ್ಧ ದಿನ ಹೋಯಿತು.

ನಿಜವಾದ ತಲೆನೋವು ಆಮೇಲೆ. ಎಪಿಗಳ ಟೇಬಲ್ ಬಂತು, ಪ್ರತಿ ಸಾಲಿಗೂ ಮ್ಯಾಕ್ ವಿಳಾಸವೇ (ಸಾಧನದ ಹಾರ್ಡ್‌ವೇರ್ ಸಂಖ್ಯೆ) ಗುರುತು, ಅದೂ ಆರು ಸಾದಾ ಸಂಖ್ಯೆಗಳಾಗಿ. ಪರೀಕ್ಷೆಗೆ ಒಂದು ಎಪಿಯ ಕೇಬಲ್ ಕಿತ್ತೆ. 'ಡೌನ್' ಅಂತ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಸಾಲೇ ಮಾಯ! ನಮ್ಮ ಕಂಟ್ರೋಲರ್ ತನ್ನ ಜೊತೆ ಸಂಪರ್ಕದಲ್ಲಿರುವ ಎಪಿಗಳನ್ನಷ್ಟೇ ಆ ಟೇಬಲಿನಲ್ಲಿ ಇಡುತ್ತದೆ. ಮೇಷ್ಟ್ರು ಬಂದ ಮಕ್ಕಳ ಹೆಸರನ್ನಷ್ಟೇ ಕೂಗಿದರೆ ಯಾರು ಚಕ್ಕರ್ ಹೊಡೆದರು ಅಂತ ಗೊತ್ತಾಗಲ್ಲ, ಅಲ್ವಾ? ಹಾಜರಿ ಪುಸ್ತಕ ನಮ್ಮ ಹತ್ತಿರವೇ ಇರಬೇಕು. 46 ಎಪಿಗಳ ಹೆಸರು, ಯಾವುದು ಯಾವ ಸ್ವಿಚ್ಚಿನದು ಅಂತ ಒಂದು ಫೈಲಿನಲ್ಲಿ ಬರೆದೆ. ಐದು ನಿಮಿಷಕ್ಕೊಮ್ಮೆ ಟೇಬಲ್ ತಂದು ಅದರ ಜೊತೆ ಹೋಲಿಸುವ ಪುಟ್ಟ ಸ್ಕ್ರಿಪ್ಟ್ ಹಾಕಿದೆ. ಮೊದಲು ಮೂವತ್ತು ಸೆಕೆಂಡಿಗೊಮ್ಮೆ ಕೇಳುತ್ತಿದ್ದೆ, ಕಂಟ್ರೋಲರಿನ ಸಿಪಿಯು ಏರಿತು, ನಿಲ್ಲಿಸಿದೆ.

ಎಪಿ ಬಿದ್ದ ತಕ್ಷಣ ತಿಳಿಯಲಿ ಅಂತ 162ನೇ ಪೋರ್ಟಿಗೆ ಟ್ರ್ಯಾಪ್ (ಕಂಟ್ರೋಲರ್ ತಾನಾಗಿಯೇ ಕಳಿಸುವ ಎಚ್ಚರಿಕೆ) ಕೂಡ ಬರುವಂತೆ ಮಾಡಿದೆ. ಆದರೆ ಅದನ್ನೊಂದನ್ನೇ ನಂಬಿ ಕೂರಲ್ಲ. ಅದೂ ಯುಡಿಪಿ, ದಾರಿಯಲ್ಲಿ ಕಳೆದುಹೋದರೆ ಯಾರೂ ಹೇಳಲ್ಲ. ಜೊತೆಗೆ ಸ್ವಿಚ್ ಒಂದು ರೀಸ್ಟಾರ್ಟ್ ಆದರೆ ಎಪಿಗೊಂದರಂತೆ ಮೆಸೇಜ್ ಬಂದು ಮೊಬೈಲ್ ಕುಯ್ಯೋ ಅನ್ನುತ್ತಿತ್ತು. ಈಗ ಒಂದೇ ಸ್ವಿಚ್ಚಿನ ಮೂರಕ್ಕಿಂತ ಜಾಸ್ತಿ ಎಪಿ ಹೋದರೆ ಸ್ವಿಚ್ಚಿನ ಹೆಸರಲ್ಲಿ ಒಂದೇ ಮೆಸೇಜ್.

ಹೋದ ತಿಂಗಳು ಎಲೆಕ್ಟ್ರಿಷಿಯನ್ ಕೆಟ್ಟ ಎಪಿಯೊಂದನ್ನು ಬದಲಿಸಿ ಹೋದ. ವೈಫೈ ಬಂತು, ನನ್ನ ಹಾಜರಿ ಪುಸ್ತಕದಲ್ಲಿ ಮಾತ್ರ ಎರಡು ದಿನ ಗೈರು. ಹೊಸದಕ್ಕೆ ಹೆಸರೇ ಇಟ್ಟಿರಲಿಲ್ಲ.