ಕಸಿ ಮಾಡಿದ ಲಿಗಮೆಂಟಿನೊಂದಿಗೆ ಮತ್ತೆ ಪಿಚಿಂಗಿಗೆ

ಅಮೆರಿಕದ ಒಹಾಯೊ ರಾಜ್ಯದ ಹವ್ಯಾಸಿ ಬೇಸ್‌ಬಾಲ್ ಲೀಗೊಂದರಲ್ಲಿ ಎಂಟು ವರ್ಷ ಪಿಚರ್ (ಬ್ಯಾಟರನಿಗೆ ಚೆಂಡೆಸೆಯುವವ) ಆಗಿದ್ದ ನನ್ನ ಬಲ ಮೊಣಕೈಯ ಒಳಬದಿಯ ಲಿಗಮೆಂಟು, ಅಂದರೆ ಮೂಳೆಗಳನ್ನು ಬಿಗಿದಿಡುವ ಪಟ್ಟಿ, ಒಂದು ಭಾನುವಾರ, ಐದನೆಯ ಇನ್ನಿಂಗ್‌ನಲ್ಲಿ ಸ್ಲೈಡರ್ (ಕೊನೆಯಲ್ಲಿ ಪಕ್ಕಕ್ಕೆ ಸರಿಯುವ ಎಸೆತ) ಎಸೆಯುವಾಗ ಹರಿದುಹೋಯಿತು. ‘ಟಪ್’ ಎಂದದ್ದು ನನಗೊಬ್ಬನಿಗೇ ಕೇಳಿಸಿತು. ಏನೂ ಆಗಿಲ್ಲವೆಂಬಂತೆ ಎಸೆದ ಮರುಚೆಂಡು ಕ್ಯಾಚರನ ತಲೆಯ ಮೇಲಿಂದ ಹಾರಿ ಬೇಲಿಗೆ ಬಡಿಯಿತು. ಶಿವಮೊಗ್ಗದಲ್ಲಿ ಹುಡುಗನಾಗಿದ್ದಾಗ ದಿನವಿಡೀ ಬೌಲಿಂಗ್ ಮಾಡಿದರೂ ಮೊಣಕೈ ನೋವೆಂದರೇನೆಂದು ನನಗೆ ತಿಳಿದಿರಲಿಲ್ಲ. ಕ್ರಿಕೆಟಿನಲ್ಲಿ ಚೆಂಡು ಬಿಡುವಾಗ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರಗೊಳಿಸುವಂತಿಲ್ಲ. ಪಿಚರನ ಕೈಯಾದರೋ ಮಡಿಚಿಕೊಂಡೇ ಹಿಂದಕ್ಕೆ ಬಾಗಿ, ಚಾಟಿಯಂತೆ ಮುಂದಕ್ಕೆ ಬೀಸುತ್ತದೆ, ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿ ಬಿಡದಂತೆ ಹಿಡಿದಿಡುವ ಕೆಲಸದ ಬಹುಪಾಲು ಈ ಸಣ್ಣ ಲಿಗಮೆಂಟಿನ ಮೇಲೆಯೇ ಬೀಳುತ್ತದೆ.

ಎಸೆಯುವುದನ್ನು ಬಿಟ್ಟರೆ ದಿನನಿತ್ಯದ ಕೆಲಸಕ್ಕೆ ಹರಿದ ಲಿಗಮೆಂಟಿನ ಜಾಗಕ್ಕೆ ರಜ್ಜು ಕಸಿ ಮಾಡುವ ಶಸ್ತ್ರಚಿಕಿತ್ಸೆಯೇ ಬೇಕಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. “ಅದೇನು ಹೊಟ್ಟೆಪಾಡಿನ ಆಟವೇನೋ? ಬಿಟ್ಟುಬಿಡು” ಎಂದು ಅಮ್ಮ ಫೋನಿನಲ್ಲಿ ಅದನ್ನೇ ಇನ್ನೂ ಚಿಕ್ಕದಾಗಿ ಹೇಳಿದರು. ಇಬ್ಬರ ಮಾತೂ ಸರಿಯಾಗಿತ್ತು, ಆದರೂ ನಾನು ಮಾಡಿಸಿಕೊಂಡೆ. 1974ರ ಸೆಪ್ಟೆಂಬರ್ 25ರಂದು ಡಾ. ಫ್ರ್ಯಾಂಕ್ ಜೋಬ್ ಅವರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್ ಅವರ ಬಲ ಮುಂಗೈಯ ಸ್ನಾಯುರಜ್ಜುವನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದಾಗಿನಿಂದ ಈ ಶಸ್ತ್ರಚಿಕಿತ್ಸೆಗೆ ಆ ಆಟಗಾರನ ಹೆಸರೇ ನಿಂತಿದೆ. ಅವರು 1976ರಲ್ಲಿ ಮೈದಾನಕ್ಕೆ ಮರಳಿ, ತಮ್ಮ ಒಟ್ಟು 288 ಗೆಲುವುಗಳಲ್ಲಿ 164ನ್ನು ಆ ನಂತರವೇ ಗಳಿಸಿದರು. ನನಗೂ ಕಸಿಯಾದದ್ದು ನನ್ನದೇ ಮುಂಗೈಯ ಪಾಲ್ಮಾರಿಸ್ ಲಾಂಗಸ್ ರಜ್ಜು. ಹೆಬ್ಬೆರಳಿಗೆ ಕಿರುಬೆರಳನ್ನು ತಾಗಿಸಿ ಮಣಿಕಟ್ಟನ್ನು ಮಡಿಸಿದರೆ ನಡುವೆ ದಾರದಂತೆ ಎದ್ದು ಕಾಣುವುದು ಅದೇ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದವರಿಗೆ ಅದರ ಕೊರತೆಯೂ ತಿಳಿಯುವುದಿಲ್ಲ.

ಮೊದಲ ನಾಲ್ಕು ತಿಂಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮೊಣಕೈಗೆ ಕಟ್ಟಿದ್ದ ಕೀಲುಳ್ಳ ಪಟ್ಟಿಯನ್ನು ವಾರವಾರವೂ ಕೆಲವು ಡಿಗ್ರಿ ಸಡಿಲಿಸುತ್ತಾ ಹೋದರು, ಎಡಗೈಯಲ್ಲಿ ಚಮಚ ಹಿಡಿದು ಸಾರನ್ನ ತಿನ್ನುವುದನ್ನು ಕಲಿತೆ, ಕಿರುಬೆರಳಿನ ಜೋಮು ಮೂರನೆಯ ತಿಂಗಳಿಗೆ ಹೋಯಿತು. ಭುಜದ ಹಲಗೆ, ಸೊಂಟ ಮತ್ತು ಕಾಲುಗಳ ವ್ಯಾಯಾಮವೇ ಆಗಿನ ನಿಜವಾದ ಕೆಲಸ.

ಐದನೆಯ ತಿಂಗಳಲ್ಲಿ ಎಸೆತ ಆರಂಭವಾಯಿತು: ದಿನ ಬಿಟ್ಟು ದಿನ, 45 ಅಡಿ ದೂರಕ್ಕೆ 25 ಎಸೆತ, ಸ್ವಲ್ಪ ವಿರಾಮ, ಮತ್ತೆ 25. ನೋವಿಲ್ಲದೆ ಎರಡು ಬಾರಿ ಮುಗಿಸಿದರೆ ಮಾತ್ರ ಮುಂದಿನ ಹಂತ. ಹಾಗೆಯೇ 60, 90, 120 ಅಡಿ. ನಾನು ಎಡವಿದ್ದು ಈ 120 ಅಡಿಯಲ್ಲಿ, ಅದೂ ಕೈ ಅತ್ಯಂತ ಹಗುರವಾಗಿದ್ದ ದಿನ. ಕಸಿ ಮಾಡಿದ ರಜ್ಜುವಿನೊಳಗೆ ಹೊಸ ರಕ್ತನಾಳಗಳು ಬೆಳೆದು ಅದು ಲಿಗಮೆಂಟಿನ ಗುಣವನ್ನು ಪಡೆಯಲು ವರ್ಷವೇ ಬೇಕಾಗುತ್ತದೆ, ಆದರೆ ಸ್ನಾಯುಗಳ ಬಲ ಅದಕ್ಕಿಂತ ಎಷ್ಟೋ ಮೊದಲೇ ಮರಳುತ್ತದೆ. ಹೀಗಾಗಿ ಕೈ ಸಿದ್ಧವಾಗಿದೆ ಎಂದು ನನಗೆ ಅನಿಸಿದ್ದಕ್ಕೂ ಕಸಿ ಸಿದ್ಧವಾಗಿರುವುದಕ್ಕೂ ಸಂಬಂಧವೇ ಇರಲಿಲ್ಲ. ಎದುರಿಗಿದ್ದ ಕಾಲೇಜು ಹುಡುಗನ ವೇಗಕ್ಕೆ ಸಾಟಿಯಾಗಿ, ಎಣಿಕೆ ಮರೆತು, ನೂರಕ್ಕೂ ಹೆಚ್ಚು ಎಸೆದೆ. ಎರಡು ದಿನದ ನಂತರ ಮುಂಗೈಯ ಒಳಬದಿ ಉರಿಯತೊಡಗಿತು. ಸ್ಕ್ಯಾನಿನಲ್ಲಿ ಕಸಿ ಕ್ಷೇಮವಾಗಿತ್ತು, ಪಕ್ಕದ ಸ್ನಾಯು ಕೆರಳಿತ್ತು ಅಷ್ಟೇ. ಆದರೂ ಮೂರು ವಾರ ಚೆಂಡು ಮುಟ್ಟದೆ ಮತ್ತೆ 60 ಅಡಿಯಿಂದ ಹೊರಡಬೇಕಾಯಿತು.

ಕಳೆದ ಬಾರಿ ಬಂದಿದ್ದಾಗ ಅಮ್ಮ ದೇವರ ಗೂಡಿನಲ್ಲಿ ಬಿಟ್ಟುಹೋಗಿದ್ದ, ಬೆರಳಿಗೆ ಹಾಕಿಕೊಂಡು ಗುಂಡಿ ಒತ್ತಿ ಜಪ ಎಣಿಸುವ ಪುಟ್ಟ ಯಂತ್ರ ನೆನಪಾದದ್ದು ಆಗಲೇ. ಅಂದಿನಿಂದ ಎಡಗೈಯ ಗ್ಲೌವ್ ತೊಡುವ ಮುನ್ನ ಎದುರು ನಿಂತವನ ಬೆರಳಿಗೆ, ಎಸೆತ ಎಣಿಸಲು, ಅದನ್ನು ತೊಡಿಸುವುದು ರೂಢಿಯಾಯಿತು.

ಹನ್ನೊಂದನೆಯ ತಿಂಗಳಲ್ಲಿ ಮೌಂಡ್ ಏರಿದೆ. ಹತ್ತು ಅಂಗುಲದ ಆ ದಿಬ್ಬದಿಂದ ಇಳಿಜಾರಿನಲ್ಲಿ ಹೆಜ್ಜೆಯಿಟ್ಟು 60 ಅಡಿ 6 ಅಂಗುಲ ದೂರಕ್ಕೆ ಎಸೆಯುವಾಗ ಸಮತಟ್ಟಿನ ಅಭ್ಯಾಸ ಅಷ್ಟಾಗಿ ಕೈಹಿಡಿಯುವುದಿಲ್ಲ. ಅರ್ಧ ಬಲದಲ್ಲಿ ಎಸೆಯಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು, ನಾನೂ ಅರ್ಧವೇ ಎಂದುಕೊಂಡು ಎಸೆದೆ. ವೇಗ ಅಳೆಯುವ ರಾಡಾರ್ ಗಂಟೆಗೆ 66 ಮೈಲಿ ತೋರಿಸಿತು. ಗಾಯಕ್ಕೆ ಮೊದಲು ನನ್ನ ಪೂರ್ತಿ ಬಲದ ವೇಗವೇ 78 ಮೈಲಿ! ಅಂದಿನಿಂದ ಕೈಯನ್ನು ಕೇಳುವುದು ಬಿಟ್ಟು ರಾಡಾರನ್ನು ಕೇಳತೊಡಗಿದೆ. ಮೊದಲು ವೇಗದ ಫಾಸ್ಟ್‌ಬಾಲ್, ನಂತರ ನಿಧಾನದ ಚೇಂಜಪ್, ಕಡೆಗೆ ಬಾಗಿ ಇಳಿಯುವ ಕರ್ವ್. ಸ್ಲೈಡರನ್ನು ನಾನಾಗಿಯೇ ಕೈಬಿಟ್ಟೆ. ಇದು ವೈದ್ಯರ ಸಲಹೆಯಲ್ಲ, ನನ್ನ ಹೆದರಿಕೆ.

ಶಸ್ತ್ರಚಿಕಿತ್ಸೆಯಿಂದ ವೇಗ ಹೆಚ್ಚುತ್ತದೆಯಂತೆ ಎಂದು ಇಲ್ಲಿ ಆಡುವ ಮಕ್ಕಳ ತಂದೆತಾಯಂದಿರು ಕೂಡ ನಂಬುವುದುಂಟು. 2020ರಲ್ಲಿ ಇದನ್ನೇ ಮಾಡಿಸಿಕೊಂಡು 2022ರಲ್ಲಿ, 39ನೆಯ ವಯಸ್ಸಿನಲ್ಲಿ, ವರ್ಷದ ಅತ್ಯುತ್ತಮ ಪಿಚರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ ಜಸ್ಟಿನ್ ವರ್ಲ್ಯಾಂಡರ್ ಅವರ ಉದಾಹರಣೆಯನ್ನು ನನಗೂ ಹಲವರು ಕೊಟ್ಟರು. ಅವರಿಗೆ ಅದೇ ವೃತ್ತಿ. ವ್ಯಾಯಾಮಕ್ಕೆ ನನಗಿದ್ದದ್ದು ಕಚೇರಿಯ ಊಟದ ವಿರಾಮ. ನನ್ನ ವೇಗ ಈಗ 75 ಮೈಲಿ.

ಹದಿನೈದನೆಯ ತಿಂಗಳಲ್ಲಿ ಒಂದೇ ಒಂದು ಇನ್ನಿಂಗ್, 17 ಎಸೆತ. ಮೊದಲ ಬ್ಯಾಟರನಿಗೆ ನಾಲ್ಕಕ್ಕೆ ನಾಲ್ಕೂ ಗುರಿಯ ಹೊರಗೆ ಹೋದವು, ಏಕೆಂದರೆ ಚೆಂಡು ಬಿಡುವ ಕ್ಷಣದಲ್ಲಿ ನನ್ನ ಕಿವಿ ಆ ‘ಟಪ್’ ಶಬ್ದಕ್ಕಾಗಿಯೇ ಕಾಯುತ್ತಿತ್ತು. ಆ ಕಾಯುವಿಕೆ ನಿಲ್ಲಲು ಇನ್ನೂ ನಾಲ್ಕೈದು ಪಂದ್ಯ ಬೇಕಾದವು. ಈಗ ವಾರಕ್ಕೊಮ್ಮೆ ಮಾತ್ರ ಆಡುತ್ತೇನೆ. ಅಮ್ಮನ ಜಪದ ಯಂತ್ರ ಬೆಂಚಿನಲ್ಲಿ ಕುಳಿತ ಯಾರಾದರೊಬ್ಬರ ಬೆರಳಿನಲ್ಲಿರುತ್ತದೆ. ಅವರು 60 ಎಂದು ಕೂಗಿದರೆ, ಎದುರಿಗೆ ಯಾವ ಬ್ಯಾಟರ್ ಇದ್ದರೂ, ಚೆಂಡನ್ನು ಮುಂದಿನವನ ಕೈಗಿತ್ತು ಇಳಿದು ಬರುತ್ತೇನೆ.